ಕರೆದರೆ ಮಡಿಕೇರಿಗೂ ಹೋಗುವವಳು

ಹೋದ ತಿಂಗಳು ನಾನೀಗಿರುವ ಊರಾದ ಹ್ಯಾಂಡ್‌ಪೋಸ್ಟಿನ ನಮ್ಮ ಮನೆಗೆ ಒಂದು ಕಾರ್ಡು ಬಂತು. ಶಿವಗಣಾರಾಧನೆಯ ಕಾರ್ಡು. ನಾನು ಹುಟ್ಟಿ ಬೆಳೆದ ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೆಂಗಸು ತೀರಿಕೊಂಡಿದ್ದಳು. ವಯಸ್ಸಾಗಿತ್ತು, ಹೋದಳು. ಇಲ್ಲಿ ಗೂಟ ಹೊಡೆದುಕೊಂಡು ಕೂರಲು ಯಾರೂ ಬಂದಿಲ್ಲ. ಅದಕ್ಕೆ ನಾನು ಅಳಲಿಲ್ಲ. ಆದರೆ ಕಾರ್ಡಿನಲ್ಲಿ ಅವಳ ಮೈದುನನ ಮಕ್ಕಳು ಒಂದು ಸಾಲು ಅಚ್ಚು ಹಾಕಿಸಿದ್ದರು: ‘ಗಂಡನ ಮನೆಯ ಹೊಸಿಲು ದಾಟದೆ ಬಾಳಿದ ಸಾಧ್ವಿ.’ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನಾನು ಕಲಿತಿರುವುದು ನಾಲ್ಕನೇ ಕ್ಲಾಸು. ಸುಳ್ಳು ಗೊತ್ತಾಗುವುದಕ್ಕೆ ಅಷ್ಟು ಸಾಕು.

ದಾಟಿದ್ದಳು. ಹೊಸಿಲೇನು, ರಾಜ್ಯವನ್ನೇ ದಾಟಿದ್ದಳು. ಕೊಡಗು ಆಗ ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಕುಶಾಲನಗರದ ಹೊಳೆ ದಾಟಿದರೆ ಬೇರೆ ಸರ್ಕಾರ. ಆ ಹೊಳೆ ದಾಟಿ, ಮಡಿಕೇರಿಗೆ ಹೋಗಿ, ಚಡ್ಡಿ ಹಾಕಿಕೊಂಡು ಹಾಕಿ ಆಡುವ ಕಾಲೇಜು ಹುಡುಗರನ್ನು ನೋಡಿ ಗಂಟಲು ಕೀರಲಾಗುವಷ್ಟು ಕೂಗಿ ಬಂದವಳು. ಒಂದು ಸಲವಲ್ಲ. ಪಕ್ಕದಲ್ಲಿ ನಾನೇ ಕೂತಿದ್ದೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರಿಗೆ ಅವಳ ಹೆಸರೊಂದೇ ಬೇಕು, ಅವಳು ಬೇಡ. ಹೆಸರು ಅವರೇ ಇಟ್ಟುಕೊಳ್ಳಲಿ. ನಾನು ಅವಳನ್ನು ಚಿಕ್ಕವ್ವ ಎನ್ನುತ್ತಿದ್ದೆ.

ಕುಳ್ಳಗಿದ್ದಳು. ಹಣೆಯ ಮೇಲೆ ಮೂರು ಬೆರಳು ವಿಭೂತಿ. ಅವಳ ಇಪ್ಪತ್ತೆರಡಕ್ಕೆ ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಮೈದುನನ ಮನೆಯ ಹಿತ್ತಲ ಕೋಣೆಯೊಂದನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ನಮ್ಮವ್ವ, ಅವಳು, ಆಮೇಲೆ ಸ್ಕೂಲು ಬಿಡಿಸಿದ ನಾನು, ಮೂವರೂ ಕಾಫಿ ಕಾರ್ಖಾನೆಗೆ ಬೀಜ ಆರಿಸಲು ಹೋಗುತ್ತಿದ್ದೆವು. ಸಾಲಾಗಿ ಕೂತು, ಮುಂದೆ ಸುರಿದ ರಾಶಿಯಲ್ಲಿ ಕಪ್ಪು ಬೀಜ, ಒಡೆದ ಬೀಜ, ಹುಳ ಕೊರೆದ ಬೀಜ ತೆಗೆದು ಆಚೆ ಹಾಕುವ ಕೆಲಸ. ನಾವು ಒಂದು ಮೊರ ಆರಿಸುವಷ್ಟರಲ್ಲಿ ಅವಳು ಎರಡು ಮುಗಿಸುತ್ತಿದ್ದಳು. ಮಾತಾಡುವಾಗಲೂ, ಕೈಯಲ್ಲಿ ಏನೂ ಇಲ್ಲದಿದ್ದರೂ, ತೊಡೆಯ ಮೇಲೆ ಬೆರಳು ಆಡುತ್ತಲೇ ಇರುತ್ತಿದ್ದವು. ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದಳು. ಒಂದು ನೋಟ. ಆಮೇಲೆ ಈ ಕಡೆ ಇಲ್ಲವೇ ಆ ಕಡೆ.

ಕಾರ್ಖಾನೆಯ ಹಿಂದೆ ಬೀಜ ಒಣಗಿಸುವ ಗಾರೆಯ ಕಣವಿತ್ತು. ಒಂದು ಶನಿವಾರ ಮಧ್ಯಾಹ್ನ ಮೈಸೂರಿನ ಒಂದು ಕಾಲೇಜಿನ ಹುಡುಗರ ಬಸ್ಸು ನಮ್ಮ ಗೇಟಿನ ಎದುರಿಗೇ ಟೈರು ಪಂಕ್ಚರಾಗಿ ನಿಂತಿತು. ಮಾರನೆಯ ದಿನ ಮಡಿಕೇರಿಯಲ್ಲಿ ಅವರ ಆಟ. ಟೈರು ಬಿಚ್ಚುವವರೆಗೆ ಸುಮ್ಮನಿರಲಾರದೆ ಹುಡುಗರು ಕಣದ ಖಾಲಿ ಜಾಗದಲ್ಲಿ ಬಾಗಿದ ಕೋಲು ಹಿಡಿದು ಚೆಂಡು ಹೊಡೆಯತೊಡಗಿದರು. ಚೆಂಡು ಉರುಳಿ ನಮ್ಮ ಸಾಲಿನೊಳಗೆ ಬಂತು. ಚಿಕ್ಕವ್ವ ಅದನ್ನು ಎತ್ತಿಕೊಂಡು ಬೀಜ ತಿರುಗಿಸಿ ನೋಡುವ ಹಾಗೆ ತಿರುಗಿಸಿದಳು. ಕೇಳಲು ಬಂದ ಕ್ಯಾಪ್ಟನ್ನನ ಕೈಗೆ ಕೊಡುತ್ತಾ ಹೇಳಿದಳು:

“ಈ ಮಗ್ಗುಲಲ್ಲಿ ವಲಿಗೆ ಬುಟ್ಟದೆ ಕಣಪ್ಪ. ಇದು ನ್ಯಾರವಾಗಿ ಓಗಕಿಲ್ಲ.”

ಅವನು ನೋಡಿದ. ಹೊಲಿಗೆ ಬಿಟ್ಟಿತ್ತು. ನಕ್ಕುಬಿಟ್ಟ. “ಅಮ್ಮಾ, ನಿಮ್ಮಂಥ ಕಣ್ಣಿನವರು ನಮ್ಮ ಜೊತೆ ಇರಬೇಕು. ನಾಳೆ ಮಡಿಕೇರಿಗೆ ಬಂದುಬಿಡಿ. ಅಲ್ಲಿ ಅವರ ಕಡೆಗೆ ಊರೇ ಕೂಗುತ್ತೆ. ನಮ್ಮ ಕಡೆ ಒಂದು ನರಪಿಳ್ಳೆನೂ ಇರಲ್ಲ.”

ಪಟ್ಟಣದ ಹುಡುಗ, ಬಾಯಿಗೆ ಬಂದದ್ದು ಅಂದ, ಚೆಂಡು ತೆಗೆದುಕೊಂಡು ಹೋದ. ಆದರೆ ನಮ್ಮ ಜನರಲ್ಲಿ ಕರೆಯುವುದೆಂದರೆ ಸಣ್ಣ ಮಾತಲ್ಲ. ಕರೆಯದೆ ಹೋಗಬಾರದು, ಕರೆದರೆ ಬಿಡಬಾರದು. ಮದುವೆ ನಾಮಕರಣ ಎಂದು ಕುಂಕುಮದ ಬಟ್ಟಲು ಹಿಡಿದು ಕರೆಯಲು ಬರುವವರು ನಮ್ಮ ಬಾಗಿಲಿಗೆ ಬರುತ್ತಿದ್ದರು, ಅವಳ ಓರಗಿತ್ತಿಯನ್ನು ಕರೆಯುತ್ತಿದ್ದರು, ಹಿತ್ತಲ ಕೋಣೆಯ ಕಡೆ ತಿರುಗದೆ ಮುಂದಿನ ಮನೆಗೆ ಹೋಗುತ್ತಿದ್ದರು. ಗಂಡ ಸತ್ತವಳನ್ನು ಕರೆಯುವ ಪದ್ಧತಿ ಇರಲಿಲ್ಲ. ಎಂಟು ವರ್ಷದಲ್ಲಿ ಅವಳನ್ನು ಬಾ ಎಂದವನು ಆ ಹುಡುಗನೊಬ್ಬ.

ಸಂಜೆ ನಮ್ಮವ್ವನಿಗೆ ಹೇಳಿದಳು, “ಕರ್ದವ್ರೆ ಕಣಕ್ಕ. ನಿನ್ ಮಗ್ಳುನ್ನ ಜೊತೆಗೆ ಕಳ್ಸು.”

“ಅಯ್ಯೋ, ಆ ಐಕ್ಳು ತಮಾಸೆಗೆ ಅಂದಿರ್ತವೆ ಕಣೆ.”

“ಬಾ ಅನ್ನೋದ್ರಲ್ಲಿ ಎಂತ ತಮಾಸೆ?”

ಅವ್ವ ನನ್ನ ಲಂಗ ಒಗೆದು ಹಾಕಿದಳು. ನನಗೆ ಹದಿಮೂರು ವರ್ಷ; ಬಸ್ಸು ಹತ್ತುವುದು ಎಂದರೆ ಎಲ್ಲಿಗೆಂದು ಕೇಳುವವಳೂ ಅಲ್ಲ. ಕರೆದ ಮನೆಗೆ ಬರಿಗೈಲಿ ಹೋಗಬಾರದೆಂದು ಚಿಕ್ಕವ್ವ ಹುರಿಗಡಲೆಗೆ ಬೆಲ್ಲ ಕುಟ್ಟಿ ಬೆರೆಸಿ ಡಬ್ಬಿಗೆ ತುಂಬಿದಳು. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಕಂಪಲಾಪುರ, ಪಿರಿಯಾಪಟ್ಟಣ, ಹೊಳೆ, ಆಮೇಲೆ ಸುತ್ತಿ ಸುತ್ತಿ ಹತ್ತುವ ರಸ್ತೆ. ನಾನು ಎರಡು ಸಲ ವಾಂತಿ ಮಾಡಿದೆ. ಅವಳು ನನ್ನ ಬೆನ್ನು ಸವರುತ್ತಾ, “ಆಚೀಗ್ ಮಾಡು, ಡಬ್ಬಿ ಮ್ಯಾಲಲ್ಲ” ಎನ್ನುತ್ತಿದ್ದಳು.

ಮೈದಾನದಲ್ಲಿ ನಮ್ಮನ್ನು ನೋಡಿ ಆ ಕ್ಯಾಪ್ಟನ್ ಹುಡುಗ ಬಾಯಿ ಬಿಟ್ಟುಕೊಂಡು ನಿಂತ. ಚಿಕ್ಕವ್ವ ಡಬ್ಬಿ ಕೊಟ್ಟು, “ಕರ್ದಿದ್ರಲ್ಲಪ್ಪ, ಬಂದ್ವಿ” ಎಂದಳು. ಅವನು ನಗಲಿಲ್ಲ, ಎರಡು ಕೈಯಲ್ಲಿ ತೆಗೆದುಕೊಂಡ. ಅದು ಅವನ ಒಳ್ಳೆಯತನ, ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ಅವರು ಕೊಡಗಿಗೆ ಹೋಗುವ ಪ್ರತಿಸಲ ಕಾರ್ಖಾನೆಯ ವಿಳಾಸಕ್ಕೆ ಒಂದು ಕಾಗದ ಬರುತ್ತಿತ್ತು: ‘ಬರುವ ಭಾನುವಾರ ಮಡಿಕೇರಿಯಲ್ಲಿ ಆಟ. ಬನ್ನಿ.’ ಅಷ್ಟೇ. ಅವಳಿಗೆ ಓದು ಬರುತ್ತಿರಲಿಲ್ಲ, ನಾನು ಓದುತ್ತಿದ್ದೆ. ಕೊನೆಯ ಮಾತನ್ನು ಇನ್ನೊಂದು ಸಲ ಓದಿಸುತ್ತಿದ್ದಳು.

ಆಟದ ನಿಯಮ ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನೋಡಿ ನೋಡಿಯೇ ಕಲಿತಳು. ಕೋಲು ಹೆಗಲಿಗಿಂತ ಮೇಲೆ ಎತ್ತಬಾರದು, ಚೆಂಡು ಕಾಲಿಗೆ ತಾಗಬಾರದು. ಎರಡನೆಯ ಆಟಕ್ಕೇ ಅಂಪೈರು ಸೀಟಿ ಊದುವ ಮೊದಲು ಅವಳ ಬಾಯಿ ಕೂಗುತ್ತಿತ್ತು. ಕೂಗುವ ಮಾತೆಲ್ಲ ಹೊಲದ್ದು: “ಎಡುಕ್ ಬುಡ್ಲಾ, ಎಡುಕ್ಕೆ! ನಿಂತ್ಕಂಡು ಯಾರ್ ದಾರಿ ನೋಡ್ತಿದ್ದೀಯ?” ಅರ್ಧ ಆಟ ಮುಗಿದ ಮೇಲೆ ಎರಡು ಕಡೆಯವರೂ ಜಾಗ ಬದಲಾಯಿಸುತ್ತಾರೆ. ನನಗೆ ಅದು ತಿಳಿಯದೆ ಮೊದಲಿನ ಗೋಲಿನ ಕಡೆಗೇ ಚೆಂಡು ಹೋದಾಗ ಕುಣಿದೆ. ತಲೆಗೆ ಮೊಟಕಿದಳು. “ಮನೆ ಬದ್ಲಾಯಿಸಿದ್ರೆ ಮಕ್ಳು ಬದ್ಲಾಯ್ತವಾ? ಮೊಖ ನೋಡಿ ಕೂಗು, ಗೂಟ ನೋಡಿ ಅಲ್ಲ.”

ಒಮ್ಮೆ ಅವರ ಆಟ ಕೆ.ಆರ್. ನಗರದಲ್ಲೇ ಇತ್ತು. ಕಾಗದವೂ ಬಂದಿತ್ತು. ಹೋದೆವು. ಮೈಸೂರಿನಿಂದ ಸೈಕಲ್ಲಿನಲ್ಲಿ, ರೈಲಿನಲ್ಲಿ ಕಾಲೇಜಿನ ಹುಡುಗರು ಬಂದು ಮೈದಾನದ ಸುತ್ತ ಕಿಕ್ಕಿರಿದು ಕೂಗುತ್ತಿದ್ದರು. ಚಿಕ್ಕವ್ವ ಕಡಲೆ ಕೊಟ್ಟಳು, ಐದು ನಿಮಿಷ ನಿಂತಳು, ಹೊರಡು ಎಂದಳು. “ಇಲ್ಲಿ ಇವ್ರಿಗೆ ಎಲ್ಲಾರೂ ಅವ್ರೆ. ನನ್ ಬಾಯಿ ಯಾಕೆ ಸವೀಬೇಕು?” ಕರೆದ ಮೇಲೆ ಹೋಗಬೇಕು, ಉಳಿಯಬೇಕಾದ್ದು ಮಾತ್ರ ಯಾರೂ ಇಲ್ಲದವರ ಹತ್ತಿರ. ಇದು ಅವಳ ಲೆಕ್ಕ.

ಮಡಿಕೇರಿಯಲ್ಲಿ ಹೆಂಗಸರೂ ಆಟ ನೋಡಲು ಬರುತ್ತಿದ್ದರು. ಸೆರಗನ್ನು ಹಿಂದಿನಿಂದ ತಂದು ಬಲ ಹೆಗಲ ಮೇಲೆ ಕಟ್ಟಿಕೊಂಡು, ಗಂಡಸರ ಸರಿಸಮ ಕೂರುತ್ತಿದ್ದರು. ಅವರಲ್ಲಿ ಒಬ್ಬಾಕೆ ಅಂಪೈರನ ಹೆಂಡತಿ. ಅಂಪೈರು ಮಿಲಿಟರಿಯಿಂದ ರಿಟೈರಾಗಿ ಬಂದ ದೊಡ್ಡ ಮೀಸೆಯವನು. ನಮಗೂ ಆಕೆಗೂ ಮೂರನೆಯ ಆಟದ ಹೊತ್ತಿಗೆ ಮಾತು ಬೆಳೆದಿತ್ತು. ಒಂದು ದಿನ ಆಕೆ ಕ್ಯಾರಿಯರ್ ಬಿಚ್ಚಿ, “ಅಕ್ಕ, ಇದು ಬರೀ ಅಕ್ಕಿ ಕಡುಬು. ಕೆಳಗಿನ ಡಬ್ಬಿಯಲ್ಲಿ ಹಂದಿ ಉಂಟು, ಅದು ನಿಮಗೆ ಆಗುವುದಿಲ್ಲ, ಮುಟ್ಟಬೇಡಿ” ಎಂದಳು. ಮುಚ್ಚಿಟ್ಟು ಕೊಡಬಹುದಿತ್ತು. ಹೇಳಿ ಕೊಟ್ಟಳು. ಚಿಕ್ಕವ್ವ ಒಂದು ಗಳಿಗೆ ಆಕೆಯ ಮುಖ ನೋಡಿದಳು. ಕಡುಬು ತೆಗೆದುಕೊಂಡು ತಿಂದಳು. ನಾನೂ ತಿಂದೆ.

ಅದೇ ದಿನ ಆ ಗೋಲು ಆಯಿತು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇತ್ತು. ಎರಡು ಕಡೆಯೂ ಸಮ. ನಮ್ಮ ಕಾಲೇಜಿನ ಹುಡುಗನೊಬ್ಬ ಗುಂಪಿನೊಳಗಿಂದ ಚೆಂಡನ್ನು ಗೋಲಿಗೆ ಹೊಡೆದ. ನಾನು ಎದ್ದು ಕುಣಿದೆ, ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕೊಡಗಿನವರೆಲ್ಲ ಗಪ್‌ಚಿಪ್ಪಾಗಿದ್ದಾಗ ನನ್ನ ಪಕ್ಕದಿಂದ ಕೀರಲು ದನಿ ಬಂತು:

“ಕಾಲು! ಕಾಲಿಗ್ ತಾಕ್ತು! ಆ ಗೋಲು ಆಗಕಿಲ್ಲ!”

ಅಂಪೈರು ತಿರುಗಿ ನೋಡಿದ. ಎರಡು ವರ್ಷದಿಂದ ಯಾರ ಕಡೆ ಕೂಗುವ ಹೆಂಗಸು ಎಂದು ಅವನಿಗೂ ಗೊತ್ತಿತ್ತು. ಗೋಲು ಹೊಡೆದ ಹುಡುಗನ ಹತ್ತಿರ ಹೋಗಿ ಏನೋ ಕೇಳಿದ. ಹುಡುಗ ತಲೆ ತಗ್ಗಿಸಿದ. ಗೋಲು ಹೋಯಿತು. ಆಮೇಲೆ ಅವರು ಒಂದು ಹೊಡೆದು ಗೆದ್ದರು.

ವಾಪಸು ಬರುವಾಗ ಹುಡುಗರ ಬಸ್ಸಿನಲ್ಲೇ ನಮ್ಮನ್ನು ಹುಣಸೂರಿನವರೆಗೆ ಕರೆತರುತ್ತಿದ್ದರು. ಅಂದು ಯಾರೂ ಜಾಗ ಬಿಡಲಿಲ್ಲ. ಸರಳು ಹಿಡಿದು ನಿಂತೇ ಬಂದೆವು. ಕ್ಯಾಪ್ಟನ್ ಕೊನೆಗೆ ತಡೆಯಲಾರದೆ ಕೇಳಿದ, “ಅಮ್ಮಾ, ನೀವು ಯಾರ ಕಡೆ ಹೇಳಿಬಿಡಿ.”

“ನಿಮ್ ಕಡೇನೆ.”

“ಮತ್ತೆ ಅಂಪೈರೇ ನೋಡದ್ದನ್ನ ನೀವ್ಯಾಕೆ ಹೇಳಿದ್ರಿ?”

“ನಾನು ನೋಡಿದ್ನಲ್ಲಪ್ಪ. ಉಳುಕು ಬೀಜ ಅಂತ ಗೊತ್ತಿದ್ದೂ ಚೀಲಕ್ಕಾಕು ಅಂತೀಯಾ?”

ಅವನು ಮುಖ ತಿರುಗಿಸಿದ.

ಕಂಪಲಾಪುರದಲ್ಲಿ ಎಂಜಿನ್ನಿಗೆ ನೀರು ಹಾಕಲು ಬಸ್ಸು ನಿಂತಿತು. ನಾವು ಕೆಳಗಿಳಿದೆವು. ಅಲ್ಲಿ ಚಿಕ್ಕವ್ವನ ಮೈದುನನ ಷಡ್ಡಕನದು ಅಂಗಡಿ. ಗಂಡು ಹುಡುಗರೇ ತುಂಬಿದ ಬಸ್ಸಿನಿಂದ ಅವಳಿಳಿದದ್ದನ್ನು ನೋಡಿ ಅವನು ಅವಳನ್ನು ಮಾತಾಡಿಸಲಿಲ್ಲ, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ, “ಏನ್ ಮಗಾ, ಉಂಡ್ರಾ ಎಲ್ಲಾದ್ರೂವೆ?” ನಾನು ಜಂಬದಿಂದ ಹೇಳಿದೆ, “ಕೊಡಗ್ನೋರ ಕಡುಬು ತಿಂದೊ!” ಕೇಡು ಬಂದದ್ದು ನನ್ನ ಬಾಯಿಂದ. ಇದನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ.

ಮೂರನೆಯ ದಿನ ಮೈದುನನ ಮನೆಯ ಜಗಲಿಯಲ್ಲಿ ನಮ್ಮ ಜನರ ಯಜಮಾನರು, ಅಯ್ನೋರು, ಇನ್ನೂ ನಾಲ್ಕು ಜನ ಕೂತರು. ಚಿಕ್ಕವ್ವ ಅಂಗಳದಲ್ಲಿ ನಿಂತಳು. ಹಂದಿ ತಿನ್ನುವವರ ಪಾತ್ರೆಯಲ್ಲಿ ಉಂಡಿದ್ದಾಳೆಂಬುದು ಮಾತು. ಮೊದಲು ನನ್ನನ್ನು ಕೇಳಿದರು. ನಾನು ಅವಳನ್ನು ಉಳಿಸುತ್ತೇನೆಂದುಕೊಂಡು, “ಅಂಗಡೀಲಿ ಸುಮ್ನೆ ಅಂದೆ. ತಿಂದಿದ್ದು ನಾನ್ ನೋಡ್ನಿಲ್ಲ” ಎಂದೆ.

“ಸುಳ್ಳೇಳ್ತಾವ್ಳೆ,” ಎಂದಳು ಚಿಕ್ಕವ್ವ. “ನನ್ ಪಕ್ಕದಲ್ಲೇ ಕೂತು ಅವ್ಳೂ ಎಲ್ಡು ತಿಂದ್ಲು.”

ಮೂರು ತಿಂದಿದ್ದೆ. ಅವ್ವನ ಕೈ ನನ್ನ ಜುಟ್ಟಿಗೆ ಬಂತು. ಅಯ್ನೋರು ನನಗೆ ತೀರ್ಥ ಕೊಟ್ಟು ವಿಭೂತಿ ಹಚ್ಚಿ ಅಲ್ಲೇ ಶುದ್ಧ ಮಾಡಿದರು. ಮಕ್ಕಳಿಗೆ ಅಷ್ಟು ಸಾಕಂತೆ. ಅವಳಿಗೆ ಯಜಮಾನರು ಹೇಳಿದ್ದು ಬೇರೆ: ತಪ್ಪುಕಾಣಿಕೆ ಇಡಬೇಕು, ಎಲ್ಲರಿಗೂ ಅಡ್ಡಬೀಳಬೇಕು, ಇನ್ನು ಆಟದ ಹೆಸರು ಎತ್ತಬಾರದು. ಮೀರಿ ಹೋದರೆ ಹಿತ್ತಲ ಕೋಣೆ ಬಿಡಬೇಕು. ಬೀದಿಯಲ್ಲಿ ಯಾರೂ ಅವಳಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು.

“ಅಡ್ಬೀಳವ್ವ, ಮುಗೀತದೆ,” ಎಂದರು ಯಜಮಾನರು. ಕೆಟ್ಟವರಲ್ಲ, ಮನೆಗೆ ಬೇಗ ಹೋಗಬೇಕೆಂದಿದ್ದವರು.

ಚಿಕ್ಕವ್ವ ಅಡ್ಡಬೀಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಯಜಮಾನ್ರೆ, ನನ್ ಗಂಡ ಸತ್ ಮ್ಯಾಲೆ ಈ ಜಗ್ಲಿ ಮ್ಯಾಲೆ ಕೂತಿರೋರ್ ಮನೇಲಿ ಎಷ್ಟು ಮದ್ವೆ ಆದ್ವು? ಯಾರಾರ ಒಬ್ರು ಬಂದು ನೀನೂ ಬಾ ಅಂದ್ರಾ? ಅನ್ನಿಲ್ಲ. ನಾನೂ ಕೇಳ್ನಿಲ್ಲ. ಕರ್ದವ್ರು ಅವ್ರು. ಓದೆ. ಉಣ್ಣಿ ಅಂದವ್ರು ಅವ್ರು. ಉಂಡೆ. ನೀವು ಕರೀರಿ, ನಿಮ್ ಮನೇಗೂ ಬತ್ತೀನಿ. ಕರೀದವ್ರು ಓಗ್ಬ್ಯಾಡ ಅಂದ್ರೆ ಎಂಗೆ?”

“ಬಾಯಿ ಜಾಸ್ತಿ ಆಯ್ತು ಕಣೆ ನಿಂದು,” ಎಂದ ಮೈದುನ.

“ಹತ್ ವರ್ಷ ಮುಚ್ಕಂಡಿದ್ನಲ್ಲ, ಕೂಡಿಕಂಡದೆ.”

ಜಗಲಿಯವರು ಮುಂದಿನ ಆಟಕ್ಕೆ ಹೋದರೆ ಕೋಣೆ ಖಾಲಿ ಎಂದು ತೀರ್ಮಾನ ಮಾಡಿ ಎದ್ದರು.

ಇಷ್ಟೆಲ್ಲ ಹೇಳಿ ಬಂದವಳಿಗೆ ಆಮೇಲೆ ಕಾಗದವೇ ಬರಲಿಲ್ಲ. ಗೋಲು ಕಳೆದವಳನ್ನು ಯಾರು ಕರೆಯುತ್ತಾರೆ? ಒಂದು ತಿಂಗಳಾಯಿತು, ಎರಡಾಯಿತು. ಕಾರ್ಖಾನೆಯಲ್ಲಿ ಹೆಂಗಸರು ಮೊರ ಸರಿಸಿಕೊಂಡು ಅವಳಿಂದ ದೂರ ಕೂತರು. “ಏನವ್ವ, ನಿನ್ ಕಾಲೇಜ್ ಮಕ್ಳು ಮರ್ತ್‌ಬುಟ್ರಾ?” ಎಂದು ಒಬ್ಬಳು ಕೆಣಕಿದರೆ ಉಳಿದವರು ನಗುತ್ತಿದ್ದರು. ಅವಳ ಬೆರಳು ನಿಲ್ಲುತ್ತಿರಲಿಲ್ಲ. ಮೈಸೂರಿನ ಹುಡುಗರು ಮತ್ತೆ ಮಡಿಕೇರಿಗೆ ಹೋಗುತ್ತಾರೆಂದು ಬಸ್ಸಿನ ಡ್ರೈವರೊಬ್ಬ ಹೇಳಿದ. “ಓಗಾನ ಚಿಕ್ಕವ್ವ,” ಎಂದೆ ನಾನು. “ಕರೀದೆ ನಾನು ಓಗಕಿಲ್ಲ,” ಎಂದಳು.

ನಾನು ಅಂಚೆ ಕಾರ್ಡೊಂದನ್ನು ತಂದು, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ‘ಬರುವ ಭಾನುವಾರ ಆಟ, ಬನ್ನಿ’ ಎಂದು ಬರೆದು, ಬಂತು ಎಂದು ಓದಿಹೇಳಿದೆ. ಅವಳು ಕೈಗೆ ತೆಗೆದುಕೊಂಡಳು. ಅಕ್ಷರ ಗೊತ್ತಿಲ್ಲದವಳು, ಒಂದು ಸಲ ತಿರುಗಿಸಿ ನೋಡಿ ಒಲೆಗೆ ಹಾಕಿದಳು.

“ಅಂಚೆ ಸೀಲೇ ಬಿದ್ದಿಲ್ಲ. ನೀನ್ ಕರ್ದಂಗಾಯ್ತು. ನೀನೇನ್ ಆಟ ಆಡೀಯಾ?”

ಆಟಕ್ಕೆ ಮೂರು ದಿನ ಇದ್ದಾಗ ಸೀಲು ಬಿದ್ದ ಕಾಗದ ಬಂತು. ಮೈಸೂರಿನದಲ್ಲ, ಮಡಿಕೇರಿಯದು. ಕಡುಬು ಕೊಟ್ಟಾಕೆ ಬರೆದಿದ್ದಳು: ‘ಭಾನುವಾರ ನಿಮ್ಮ ಹುಡುಗರು ಇಲ್ಲಿ ಆಡುತ್ತಾರೆ. ನಿಮ್ಮನ್ನು ಕರೆಯಲೇಬೇಕೆಂದು ನಮ್ಮ ಮನೆಯವರು, ಅದೇ ಅಂಪೈರು, ಹೇಳಿದರು. ಬನ್ನಿ.’ ಕೊನೆಯ ಮಾತನ್ನು ಅವಳು ಮೂರು ಸಲ ಓದಿಸಿದಳು. ಹುರಿಗಡಲೆಗೆ ಬೆಲ್ಲ ಕುಟ್ಟಲು ಕೂತಳು.

ಅವ್ವ ನನ್ನನ್ನು ಕಳಿಸುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಅವಳು ತಲೆ ಬಾಚುತ್ತಾ ಹೇಳಿದಳು, “ಒಬ್ಳೇ ಎಂಗೋದಾಳು? ಓಗು. ಬಂದ್ ಮ್ಯಾಲೆ ನಿಂಗೆ ವದೆ ಬೀಳ್ತವೆ, ಅದು ಬ್ಯಾರೆ ಮಾತು.”

ಮಡಿಕೇರಿಯಲ್ಲಿ ಚಿಕ್ಕವ್ವ ಕಡಲೆ ಡಬ್ಬಿಯನ್ನು ಕಾಗದ ಬರೆದಾಕೆಯ ಕೈಗೆ ಕೊಟ್ಟಳು. ಕೊಡಗಿನ ಹೆಂಗಸರ ನಡುವೆ ಕೂತಳು. ಆಟ ಶುರುವಾಗಿ ಆ ಊರಿಗೆ ಊರೇ ತಮ್ಮವರಿಗೆ ಕೂಗತೊಡಗಿದಾಗ, ಕರೆದವರ ಮಧ್ಯದಲ್ಲಿ ಕೂತು, ಕರೆಯದ ಹುಡುಗರಿಗೆ ಕೂಗಿದಳು. “ಎಡುಕ್ ಬುಡ್ಲಾ! ಕೆಟ್ ನಾಚ್ಕೆ ಯಾಕೆ, ಒಡೀಲಾ!” ಅಂಪೈರನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಚೆಗಿದ್ದ ಹುಡುಗರು ಆ ದನಿ ಕೇಳಿ ತಿರುಗಿದ್ದನ್ನು ನಾನು ಕಂಡೆ. ಸೋತರು, ಅದು ಬಿಡಿ. ಅವಳು ನೋಡಿದ ಆಟಗಳಲ್ಲಿ ಅವರು ಗೆದ್ದದ್ದು ಕಡಿಮೆಯೇ. ಆಟ ಮುಗಿದ ಮೇಲೆ ಕ್ಯಾಪ್ಟನ್ ಬಂದು ಎದುರಿಗೆ ನಿಂತ.

“ಅಮ್ಮಾ, ಮುಂದಿನ ಸಲ ತಪ್ಪದೆ ಬನ್ನಿ.”

“ಬಾಯ್ಮಾತು ಬ್ಯಾಡ ಕಣಪ್ಪ. ಕಾಗ್ದ ಆಕು, ನೋಡಾನ.”

ಹುಣಸೂರಿನಲ್ಲಿ ಬಸ್ಸಿಳಿದಾಗ ಇನ್ನೂ ಬಿಸಿಲಿತ್ತು. ಅವಳ ಸಾಮಾನು ಬೀದಿಯಲ್ಲಿತ್ತು. ಒಂದು ಟ್ರಂಕು, ಎರಡು ತಪ್ಪಲೆ, ಚಾಪೆ. ಮೈದುನ ಜಗಲಿಯ ಮೇಲೆ ಕೈಕಟ್ಟಿ ಕೂತಿದ್ದ, ಅವನ ಹೆಂಡತಿ ಬಾಗಿಲ ಹಿಂದಿದ್ದಳು. ಬೀದಿಯವರೆಲ್ಲ ನೋಡುತ್ತಿದ್ದರು. ಅಳುತ್ತಾಳೆಂದು ಕಾದಿದ್ದರೋ ಏನೋ. ಅವಳು ಬೀಜದ ರಾಶಿ ನೋಡಿದ ಹಾಗೆ ಆ ಸಾಮಾನಿನ ಮೇಲೆ ಕಣ್ಣಾಡಿಸಿದಳು.

“ಬೀಸೋ ಕಲ್ಲೆಲ್ಲಿ?”

“ಅದು ಮನೇದು,” ಎಂದ ಅವನು.

“ನನ್ ತವರಿಂದ ಗಾಡೀಲಿ ಬಂದದ್ದು. ಎತ್ಕಂಡ್ ಬಾ.”

ಅವನು ಕದಲಲಿಲ್ಲ. ಆಗ ನಮ್ಮ ಬಾಗಿಲಿಂದ ಅವ್ವನ ದನಿ ಬಂತು: “ತಂದ್ಕೊಡಪ್ಪ. ಕುಲುಕ್ಕೆ ಬ್ಯಾಡದವ್ಳ ಕಲ್ಲಲ್ಲಿ ಬೀಸಿ ಉಂಡ್ರೆ ನಿಮ್ಗೂ ಮೈಲಿಗೆ ಅಲ್ವಾ?” ಯಾರೋ ಕಿಸಕ್ಕನೆ ನಕ್ಕರು. ಅವನು ಎದ್ದು ಒಳಗೆ ಹೋದ. ಮೊದಲು ಮೇಲಿನ ಕಲ್ಲು, ಆಮೇಲೆ ಕೆಳಗಿನದು, ಏದುಸಿರು ಬಿಡುತ್ತಾ ಹೊತ್ತು ತಂದ. “ಮೆತ್ತಗ್ ಮಡಗು, ಗೂಟ ಮುರ್ದೀಯೆ,” ಎಂದಳು ಚಿಕ್ಕವ್ವ.

ನಮ್ಮ ಕೊಟ್ಟಿಗೆಯಲ್ಲಿ ಒಂದು ತಿಂಗಳಿದ್ದಳು. ಆಮೇಲೆ ಕಾರ್ಖಾನೆಯ ಹಿಂದೆ ಒಂದು ಕೋಣೆ ಹಿಡಿದಳು. ಸಾಯುವವರೆಗೂ ಅಲ್ಲೇ. ಆ ಬೀದಿಯಲ್ಲಿ ಅಷ್ಟು ನುಣ್ಣಗೆ ಬೀಸುವ ಕಲ್ಲು ಇನ್ನೊಂದಿರಲಿಲ್ಲ. ಅವಳಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು ಎಂದಿದ್ದರು. ಅವಳ ಕಲ್ಲಿನಲ್ಲಿ ರಾಗಿ ಬೀಸಬಾರದು ಎಂದು ಯಾರೂ ಹೇಳಿರಲಿಲ್ಲ. ಮೊದಲು ನಮ್ಮವ್ವ ಹೋದಳು. ಆಮೇಲೆ ಆ ಕೆಣಕುತ್ತಿದ್ದವಳು. ಒಬ್ಬೊಬ್ಬರಾಗಿ ಮೊರ ಹಿಡಿದು ಬಂದರು. ಕೊನೆಗೊಂದು ಬೆಳಿಗ್ಗೆ ಓರಗಿತ್ತಿ ಬಂದಳು. ತಲೆಯ ಮೇಲೆ ರಾಗಿ ಕುಕ್ಕೆ. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು.

ನಾನು ಕಲ್ಲಿನ ಮುಂದೆ ಕೂತಿದ್ದೆ. ಚಿಕ್ಕವ್ವ ಒಲೆ ಊದುವುದನ್ನು ನಿಲ್ಲಿಸಿ ತಿರುಗಿದಳು.

“ಯಾಕೆ ನಿಂತ್ಕಂಡೆ?”

“ನೀವು ಕರ್ದಿಲ್ವಲ್ಲ ಅಕ್ಕ,” ಎಂದಳು ಅವಳು, ನೆಲ ನೋಡುತ್ತಾ.

ಚಿಕ್ಕವ್ವ ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಯಾವ ಕಡೆಗೆ ಹಾಕುತ್ತಾಳೋ ಎಂದು ನನ್ನ ಕೈ ಕಲ್ಲಿನ ಗೂಟದ ಮೇಲೇ ನಿಂತಿತು.

“ಈಗ ಕರ್ದಿದ್ದೀನಿ,” ಎಂದಳು. “ಬಾ.”